ಹೆಣದ ಉಂಗುರ

ತಾಲ್ಲೂಕು ಆಸ್ಪತ್ರೆಯ ಶವಾಗಾರಕ್ಕೆ ಕಾವಲುಗಾರ ಬೇಕಾಗಿದ್ದ. ಆರು ವರ್ಷ ಜೈಲಿನಲ್ಲಿದ್ದು ಬಂದ ತಿಪ್ಪಣ್ಣ ಅರ್ಜಿ ಹಿಡಿದು ನಿಂತ.

"ಕಳ್ಳತನಕ್ಕೆ ಒಳಗೆ ಹೋಗಿದ್ದವನು ನೀನು. ಇಲ್ಲಿ ಹೆಣಗಳ ಮೈಮೇಲೆ ಒಡವೆ ಇರುತ್ತವಪ್ಪ," ಎಂದು ಮೇಲ್ವಿಚಾರಕ ವಿರೂಪಾಕ್ಷಯ್ಯ ಅರ್ಜಿಯನ್ನು ಪಕ್ಕಕ್ಕೆ ಸರಿಸಿದ.

"ಜೈಲಲ್ಲಿ ಒಳಗೆ ಬಿಡೋ ಮುಂಚೆ ಮೈಮೇಲಿರೋದನ್ನೆಲ್ಲ ಬರೆದುಕೊಳ್ತಾರೆ ಸ್ವಾಮಿ. ಇಲ್ಲೂ ಹಾಗೇ ಬರೆದುಕೊಂಡು ನನ್ನನ್ನ ಕಾವಲಿಗೆ ಬಿಡಿ. ಇಲ್ಲದಿದ್ರೆ ಏನು ಕಳೆದರೂ ನಮ್ಮಂಥವರ ತಲೆಗೇ ಬರೋದು."

ವಿರೂಪಾಕ್ಷಯ್ಯ ಗೊಣಗುತ್ತಾ ಪೆನ್ನು ಹಿಡಿದು ಅವನ ಜೊತೆ ಶವಾಗಾರದೊಳಗೆ ಬಂದ. ಅಲ್ಲಿದ್ದದ್ದು ಒಂದೇ ಹೆಣ. ಕಿಟಕಿ ಮುಚ್ಚಿದ್ದರೂ ಅದರ ಮುಸುಕು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ತಿಪ್ಪಣ್ಣ ಹೆಣದ ಕೈ ಎತ್ತಿ ನೋಡಿದ. ಬೆರಳಲ್ಲಿ ಉಂಗುರದ ಬಿಳಿ ಗುರುತು ಮಾತ್ರ ಉಳಿದಿತ್ತು. ಅವನು ಹೆಣದ ಬಾಯಿಗೆ ಕಿವಿಯಿಟ್ಟು ಬಹಳ ಹೊತ್ತು ಹೂಂಗುಟ್ಟಿದ.

"ಏನಂತೆ?" ವಿರೂಪಾಕ್ಷಯ್ಯ ಬಾಗಿಲ ಕಡೆ ಸರಿಯುತ್ತಾ ಕೇಳಿದ.

"ಬೆಳಿಗ್ಗೆ ಉಂಗುರ ಇತ್ತಂತೆ. ತೆಗೆದವರ ಹೆಸರೂ ಹೇಳ್ತಿದೆ ಈ ಹೆಣ. ಬರೆದುಕೊಳ್ತೀರಾ ಸ್ವಾಮಿ?"

ವಿರೂಪಾಕ್ಷಯ್ಯ ಬೆವರುತ್ತಾ ಜೇಬಿಗೆ ಕೈ ಹಾಕಿದ. ಉಂಗುರ ಹೆಣದ ಬೆರಳಿಗೆ ಮರಳಿತು. ತಿಪ್ಪಣ್ಣನಿಗೆ ಕೆಲಸವೂ ಸಿಕ್ಕಿತು.

ಮೇಲ್ವಿಚಾರಕ ಹೊರಗೆ ಓಡಿದ ಮೇಲೆ ತಿಪ್ಪಣ್ಣ ಮುಸುಕು ಸರಿಪಡಿಸುತ್ತಾ ಹೆಣಕ್ಕೆ ಹೇಳಿದ: "ನಿನ್ನ ಹೆಸರಲ್ಲಿ ಸುಳ್ಳು ಹೇಳಿದೆ. ತಪ್ಪು ತಿಳಿಯಬೇಡಪ್ಪ."

"ಇರಲಿ ಬಿಡು," ಎಂದಿತು ಮುಸುಕಿನೊಳಗಿನ ದನಿ.