ಉಸಿರು ತಗೊಂಡ ಜಾಗ

ಸೆರಾಫಿನಮ್ಮ ಒಂದು ಕಾಲದಲ್ಲಿ ಬೆಂಗಳೂರಿನ ಕ್ಲಬ್ಬುಗಳಲ್ಲಿ ಜಾಜ್ ಹಾಡಿ ಹೆಸರು ಮಾಡಿದವರು. ಈಗ ಕಾವೇರಿ ದಡದಲ್ಲಿ ಮನೆ. ಕಲಿಯಲು ಬಂದವರಿಗೆ ಕಲಿಸುತ್ತಾರೆ, ಹೊಗಳಲು ಬಂದವರನ್ನು ಸಾಗಹಾಕುತ್ತಾರೆ.

ಒಂದು ಬೆಳಿಗ್ಗೆ ಶಿಷ್ಯೆ ಭಾರ್ಗವಿ ಮುಖ ಊದಿಸಿಕೊಂಡು ಬಂದಳು. ಟೀಚರ್ ನದಿಯ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದರು.

“ಟೀಚರ್, ನನ್ನ ಆಲ್ಬಮ್ ನಿಂತುಹೋಗೋ ಹಾಗಿದೆ.”

“ಯಾಕಂತೆ?”

“ಹಳೇ ಹಾಡುಗಳನ್ನೇ ಹಾಡ್ತಿದೀನಿ. ನಿಮ್ಮ ರೆಕಾರ್ಡಿನಲ್ಲಿ ಇರೋ ಹಾಗೇ, ಒಂದೆಳೆ ತಪ್ಪದೆ. ಸ್ಟುಡಿಯೋದವರು ಕೇಳಿ, ‘ಅದೇ ಸರಕು ಅವರ ಹತ್ರ ಸಿಗುವಾಗ ನಿನ್ನ ಹತ್ರ ಯಾರು ಬರ್ತಾರೆ’ ಅಂದ್ರು. ನಾಳೆ ಇನ್ನೊಂದು ಸಲ ಕೇಳ್ತಾರಂತೆ. ಅಷ್ಟೇ.”

“ಸರಿಯಾಗೇ ಕೇಳಿದಾರೆ.”

“ಹಾಗಾದ್ರೆ ಹೊಸ ಹಾಡು ಹುಡುಕಲಾ?”

“ಹಳೇದಕ್ಕೇನಾಗಿದೆ? ಹಾಡು, ನೋಡೋಣ.”

ಭಾರ್ಗವಿ ಹಾಡಿದಳು. ಬಾರದವನನ್ನು ಕಾಯುವ ಹೆಣ್ಣಿನ ಇಂಗ್ಲಿಷ್ ಹಾಡು. ಎರಡನೇ ಸಾಲಿನ ನಡುವೆ ತಟ್ಟನೆ ನಿಂತು, ಉಸಿರೆಳೆದು, ಮುಂದುವರಿಸಿದಳು.

“ಅಲ್ಲಿ ಯಾಕೆ ನಿಂತೆ?”

“ರೆಕಾರ್ಡಿನಲ್ಲಿ ನೀವೂ ಅಲ್ಲೇ ನಿಲ್ತೀರಲ್ಲ, ಟೀಚರ್. ಎಂಥ ವಿರಹ! ಅದೊಂದನ್ನ ಕಲಿಯೋಕೆ ನನಗೆ ವರ್ಷ ಹಿಡೀತು.”

ಟೀಚರಿಗೆ ನಗು ತಡೆಯಲಾಗಲಿಲ್ಲ.

“ವಿರಹವೂ ಇಲ್ಲ, ಮಣ್ಣೂ ಇಲ್ಲ ಕಣೇ. ಆಗ ನಾನು ತುಂಬು ಬಸುರಿ. ಆ ಸಾಲಿಗೆ ಸರಿಯಾಗಿ ನನ್ನ ಮಗ ಒಳಗಿಂದ ಒದ್ದ.”

ಭಾರ್ಗವಿಯ ಮುಖ ಇಳಿಯಿತು. “ಮತ್ತೆ ನಾನೆಲ್ಲಿ ಉಸಿರು ತಗೊಳ್ಳಲಿ?”

ಟೀಚರ್ ಒದ್ದೆ ಬಟ್ಟೆಯ ಬುಟ್ಟಿಯನ್ನು ಅವಳ ಸೊಂಟಕ್ಕೇರಿಸಿದರು.

“ಹಾಡ್ತಾ ಮೇಲೆ ಹತ್ತು.”

“ಇದನ್ನ ಹೊತ್ಕೊಂಡಾ?”

“ಮತ್ತೆ? ಬಟ್ಟೆ ಒಣಗಬೇಡ್ವಾ?”

ಮೆಟ್ಟಿಲು ಕಡಿದಾಗಿತ್ತು. ಬುಟ್ಟಿ ಜಾರುತ್ತಿತ್ತು. ಹಾಡು ಎಲ್ಲೆಲ್ಲೋ ತುಂಡಾಯಿತು. ಒಂದು ಮಾತು ಏದುಸಿರಿನಲ್ಲಿ ಪಿಸುಗುಟ್ಟಿತು, ಇನ್ನೊಂದು ಸಿಟ್ಟಿನಲ್ಲಿ ಸಿಡಿಯಿತು. ಯಾವಾಗ ಬರುವೆ ಎನ್ನುವ ಸಾಲು ಮೊದಲ ಸಲ ಪ್ರಶ್ನೆಯ ಹಾಗೆ ಕೇಳಿಸಿತು. ಅಲ್ಲಿಗೇ ಬುಟ್ಟಿಯನ್ನು ಧೊಪ್ಪನೆ ಇಳಿಸಿದಳು.

“ಕೆಟ್ಟುಹೋಯ್ತು, ಟೀಚರ್! ಎಲ್ಲೆಲ್ಲೋ ನಿಂತುಬಿಟ್ಟೆ.”

ಕೆಳಗೆ ನಡುನೀರಿನಲ್ಲಿ ಹರಿಗೋಲು ತನ್ನಷ್ಟಕ್ಕೆ ಸುತ್ತುತ್ತಿತ್ತು. ಅಂಬಿಗ ಹುಟ್ಟು ಎತ್ತಿ ಹಿಡಿದು ಮೇಲೆ ನೋಡುತ್ತಾ ಕೂತಿದ್ದ. ಇಂಗ್ಲಿಷಿನ ಒಂದಕ್ಷರ ಬಾರದವನು.

“ಏನವ್ವಾ, ಅರ್ಧಕ್ಕೇ ಬಿಟ್ಯಲ್ಲ!” ಎಂದು ಕೂಗಿದ. “ಯಾರೋ ಬರಬೇಕಿತ್ತಲ್ಲ, ಬಂದ್ನಾ ಇಲ್ವಾ?”

ಸೆರಾಫಿನಮ್ಮ ಒದ್ದೆ ಕೈ ಒರೆಸಿಕೊಂಡರು.

“ಗಿರಾಕಿ ಕಾಯ್ತಿದಾನೆ, ಮಗಳೇ. ಮುಂದಿನ ಸಾಲು ಹಾಡು.”