ಧಾರಾಳಿ ಬಾಗಿಲು

ಇಳಕಲ್ಲಿನ ನೇಕಾರ್ತಿ ಶಂಕ್ರವ್ವನ ರಕ್ತನಾಳದ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲಿತ್ತು. ಕ್ಯಾಲ್ಸಿಯಂ ಕಣಗಳನ್ನು ಒಳಗೆ ಬಿಡುವುದು ಅದರ ಕೆಲಸ. ಕಣಗಳು ಒಳಬಂದಷ್ಟೂ ನಾಳ ಬಿಗಿಯುತ್ತಿತ್ತು. ಬಾಗಿಲು ಮಹಾ ಧಾರಾಳಿ, ಬಂದವರನ್ನೆಲ್ಲ ಬಿಟ್ಟುಕೊಂಡಿತು. ರಕ್ತದೊತ್ತಡ ಏರಿ, ಶಂಕ್ರವ್ವ ಮಗ್ಗದ ಮುಂದೆಯೇ ತಲೆತಿರುಗಿ ಕುಸಿದಳು.

ಎಚ್ಚರವಾದ ಮೇಲೆ ಅವಳು ನುಂಗಿದ ರಕ್ತದೊತ್ತಡದ ಗುಳಿಗೆಯ ಕಣವೊಂದು ಬಂದು ಬಾಗಿಲಿಗೆ ಒರಗಿ ನಿಂತಿತು.

"ಆಚೆ ಸರಿ! ಅತಿಥಿಯನ್ನು ಹೊರಗೆ ನಿಲ್ಲಿಸುವುದು ನನ್ನ ಧರ್ಮವಲ್ಲ," ಎಂದಿತು ಬಾಗಿಲು.

"ಒಳಗೆ ಹೋದವರು ಏನು ಮಾಡುತ್ತಿದ್ದಾರೆ, ಒಮ್ಮೆಯಾದರೂ ತಿರುಗಿ ನೋಡಿದ್ದೀಯಾ?" ಎಂದಿತು ಗುಳಿಗೆ.

ಬಾಗಿಲು ಮೊದಲ ಸಲ ಹಿಂತಿರುಗಿ ನೋಡಿತು. ನಾಳ ಬಿಗಿದು ನರಳುತ್ತಿತ್ತು.

"ಅಯ್ಯೋ! ನನಗೆ ಮೊಳೆ ಹೊಡೆದು ಮುಚ್ಚಿಬಿಡು!"

"ಬೇಡ. ಯಾರೂ ಬರದಿದ್ದರೆ ನಾಳಕ್ಕೆ ಕಸುವೇ ಇರದು. ನಾನು ಹೀಗೇ ಒರಗಿರುತ್ತೇನೆ, ನೀನು ಹಿತಮಿತವಾಗಿ ತೆರೆ."

ಹಾಗೆಯೇ ನಡೆಯಿತು. ನಾಳ ಸಡಿಲಾಯಿತು, ಶಂಕ್ರವ್ವ ಎದ್ದು ಕೂತು ಸೊಸೆಯನ್ನು ಚಹಾ ಕೇಳಿದಳು.

ಮರುದಿನ ಹೊರಗೆ ಕಾದಿದ್ದ ಕ್ಯಾಲ್ಸಿಯಂ ಕಣವೊಂದು ಗೊಣಗಿತು: "ಎಷ್ಟು ಜಿಪುಣನಾದೆಯಪ್ಪಾ!"

ಬಾಗಿಲು ನಕ್ಕಿತು: "ಜಿಪುಣತನವಲ್ಲ ಮಾರಾಯ. ನನ್ನ ಹಿಂದೆ ಒಂದು ಮನೆಯೂ ಇದೆಯೆಂದು ನಿನ್ನೆಯಷ್ಟೇ ಗೊತ್ತಾಯಿತು."