ಹೊನ್ನೆ ಮರದೊಳಗೆ ಕೆಂಪು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ದಿಕ್ಕಿಗೆ ಬೀಸಬೇಕೆಂದು ಗಾಳಿ ಕಂಡಕಂಡವರನ್ನೆಲ್ಲ ಕೇಳಿಕೊಂಡು ತಿರುಗುತ್ತಿದ್ದ ಕಾಲ. ಆಗ ಎಲ್ಲರೂ ನೆಲದ ಮೇಲೇ ಕೂರುತ್ತಿದ್ದರು. ಕುರ್ಚಿ ಎಂಬ ಮಾತೇ ಹುಟ್ಟಿರಲಿಲ್ಲ.

ಹೊಳೆಯ ದಡದಲ್ಲಿ ಕೇತಿ ಎಂಬ ಹೆಂಗಸೂ ಅವಳ ಅವ್ವ ಮಾದವ್ವನೂ ಇದ್ದರು. ಮಾದವ್ವನ ಮಂಡಿ ಹಿಡಿದುಹೋಗಿತ್ತು. ಕೂತರೆ ಏಳಲು ಆಗುತ್ತಿರಲಿಲ್ಲ.

ಒಂದು ದಿನ ಮಾದವ್ವ ದಡದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಎಲ್ಲೋ ಬೆಟ್ಟದ ಮೇಲೆ ಮಳೆ ಹೊಯ್ದು ಹೊಳೆ ಇದ್ದಕ್ಕಿದ್ದಂತೆ ಉಕ್ಕಿತು. ಕೇತಿ ತಿರುಗಿ ನೋಡಿದಾಗ ನೀರು ಅವ್ವನ ಕುತ್ತಿಗೆಗೆ ಬಂದಿತ್ತು! ಓಡಿಹೋಗಿ, ಕಂಕುಳಿಗೆ ಕೈ ಹಾಕಿ ಎಳೆದು ತಂದಳು.

"ಏಳೋಕೆ ನೋಡಿದೆ ಕಣೇ," ಎಂದು ಮಾದವ್ವ ನಡುಗುತ್ತ ಹೇಳಿದಳು. "ಕಾಲು ನನ್ನ ಮಾತು ಕೇಳಲೇ ಇಲ್ಲ."

ಅವತ್ತು ಕೇತಿಗೆ ಊಟ ಸೇರಲಿಲ್ಲ. ನೆಲಕ್ಕಿಂತ ಎತ್ತರದಲ್ಲಿ ಕೂತರೆ ಅವ್ವ ತಾನೇ ಎದ್ದಾಳು. ಕೂರಲು ಮಣೆ ಬೇಕು, ಮಣೆಗೆ ಕಾಲು ಬೇಕು, ಬೆನ್ನು ಒರಗಲು ಕೋಲುಗಳು ಬೇಕು. ಆದರೆ ಮರ ಕಡಿಯಲು ಕೈಯಲ್ಲಿ ಏನಿದೆ? ಉಗುರು, ಅಷ್ಟೆ.

ಹೊಳೆಗೆ ನಾಚಿಕೆಯಾಗಿತ್ತು. "ಕೇತಿ, ನನ್ನ ತಳದಲ್ಲಿ ಬೆಣಚುಕಲ್ಲಿದೆ, ತಗೋ," ಎಂದಿತು.

ಕೇತಿ ಕಲ್ಲಿಗೆ ಕಲ್ಲು ಬಡಿದಳು. ಮೊದಲನೆಯದು ಪುಡಿಯಾಯಿತು. ಎರಡನೆಯದೂ ಪುಡಿಯಾಯಿತು. ಬಡಿದೂ ಬಡಿದೂ ಕೊನೆಗೆ ಒಂದು ಕಲ್ಲು ತೆಳ್ಳಗೆ, ಹರಿತವಾಗಿ ಸೀಳಿತು. ಅದನ್ನು ಬಿದ್ದಿದ್ದ ಡೊಂಕು ಕೋಲಿಗೆ ನಾರಿನಿಂದ ಬಿಗಿದಳು. ಅದು ಮರ ಕಡಿದು ಕೆತ್ತುವ ಬಾಚಿಯಾಯಿತು.

ಮಣೆಗೆ ತೂತು ಕೊರೆಯುವುದು ಹೇಗೆ? ಯೋಚಿಸುತ್ತ ಕೂತಿದ್ದಾಗ ಗಾಳಿ ಬಂತು.

"ಯಾವ ದಿಕ್ಕಿಗೆ ಹೋಗಲಿ?"

"ನನಗೇನು ಗೊತ್ತು? ಇಲ್ಲೇ ಸುತ್ತುತ್ತಿರು," ಎಂದು ಕೇತಿ ಸಿಡುಕಿದಳು.

ಗಾಳಿ ಸುತ್ತಿತು. ಸುತ್ತಿ ಸುತ್ತಿ ಮಣ್ಣಿನಲ್ಲಿ ಗುಳಿ ಬಿತ್ತು. ಕೇತಿ ಬಾಯಿ ತೆರೆದುಕೊಂಡು ನೋಡಿದಳು! ಚೂಪು ಕಲ್ಲೊಂದನ್ನು ಕೋಲಿನ ತುದಿಗೆ ಕಟ್ಟಿ, ಎರಡು ಅಂಗೈ ನಡುವೆ ಹಿಡಿದು ಗರಗರ ತಿರುಗಿಸಿದಳು. ಅದು ಬೈರಿಗೆಯಾಯಿತು.

ಬಾಚಿ, ಬೈರಿಗೆ ಹಿಡಿದು ಕೇತಿ ದಡದ ಮೇಲಿನ ಹೊನ್ನೆ ಮರದ ಬಳಿ ಹೋದಳು.

"ಹೊನ್ನಣ್ಣ, ಒಂದು ಕೊಂಬೆ ಕೊಡ್ತೀಯಾ? ಅವ್ವ ಕೂರೋದಕ್ಕೆ."

"ಕೆಳಗಿನದ್ದು ತಗೋ," ಎಂದಿತು ಮರ. ಬೇರೇನೂ ಹೇಳಲಿಲ್ಲ.

ಕೇತಿ ಕಡಿದಳು. ಗಾಯದಿಂದ ನೀರಿನಂಥ ರಸ ಜಿನುಗಿತು. ಅದನ್ನು ಒರೆಸಿ ಹಾಕಿ ಮತ್ತೆ ಕಡಿದಳು. ಅಷ್ಟರಲ್ಲಿ ನಾರು ಸಡಿಲಿ, ಬಾಚಿಯ ಕಲ್ಲು ಜಾರಿ, ಅವಳ ಎಡ ಅಂಗೈಯನ್ನು ಸೀಳಿತು.

ರಕ್ತ!

ಆ ಹೊಸ ಲೋಕದಲ್ಲಿ ಅಂಥ ಹರಿಯುವ ಕೆಂಪನ್ನು ಯಾರೂ ಕಂಡಿರಲಿಲ್ಲ. ಹಕ್ಕಿಗಳ ಬಾಯಿ ಕಟ್ಟಿತು. ಗಾಳಿ ನಿಂತೇಬಿಟ್ಟಿತು. ಕೇತಿ ದಂಗಾಗಿ ತನ್ನ ಕೈಯನ್ನೇ ನೋಡಿದಳು, ಅದು ಬೇರೆ ಯಾರದೋ ಕೈ ಎಂಬಂತೆ.

"ಕೇತಿ! ಏನದು? ನಿನ್ನೊಳಗೆ ಬೆಂಕಿ ಇತ್ತಾ?" ಹೊನ್ನೆ ಕೂಗಿತು.

"ಗೊತ್ತಿಲ್ಲಣ್ಣ... ನಿಲ್ತಾ ಇಲ್ಲ. ಎಲ್ಲಾ ಹರಿದುಹೋಗ್ತಿದೆ. ಇನ್ನು ಅವ್ವನ ಗತಿ ಏನು?"

"ಕೈ ಇಲ್ಲಿ ತಾ! ನನ್ನ ಗಾಯಕ್ಕೆ ಒತ್ತಿ ಹಿಡಿ!"

ಕೇತಿ ಒತ್ತಿ ಹಿಡಿದಳು. ಮರದ ರಸ ಅಂಟಂಟಾಗಿ ಅವಳ ಗಾಯವನ್ನು ಮುಚ್ಚಿತು. ರಕ್ತ ನಿಂತಿತು. ಕೇತಿ ಮೆಲ್ಲಗೆ ಕೈ ತೆಗೆದಳು. ತೆಗೆದವಳೇ ಚೀರಿದಳು.

ಮರದ ಗಾಯದಿಂದ ಕೆಂಪು ಹರಿಯುತ್ತಿತ್ತು. ಥೇಟ್ ಅವಳ ರಕ್ತದ ಹಾಗೆ.

"ಅಯ್ಯೋ ಅಣ್ಣಾ, ನೋಯ್ತಾ?"

"ನೋಯ್ತು," ಎಂದಿತು ಹೊನ್ನೆ. "ಮೊದಲ ಏಟಿಗೇ ನೋಯ್ತು. ಆಗ ನಿನಗೆ ಕಾಣಲಿಲ್ಲ."

ಕೇತಿಯ ಕೈಯಿಂದ ಬಾಚಿಯ ಹಿಡಿ ಕೆಳಗೆ ಬಿತ್ತು.

"ಮತ್ತೆ ಯಾಕೆ ಸುಮ್ಮನಿದ್ದೆ? ಬೇಡ ಅನ್ನಬಾರದಿತ್ತಾ?"

"ನಿನ್ನ ಅವ್ವ ಮುಳುಗುತ್ತಿದ್ದುದನ್ನು ನಾನೂ ನೋಡಿದೆ. ನೀರು ಬಂದರೆ ನನಗೂ ಎದ್ದು ಓಡಲು ಆಗುವುದಿಲ್ಲ ಕೇತಿ. ಆ ಭಯ ನನಗೆ ಗೊತ್ತು. ಹೋಗು, ಶುರು ಮಾಡಿದ್ದನ್ನು ಮುಗಿಸು."

ಕೇತಿ ಕಣ್ಣೊರೆಸಿಕೊಂಡು ನಾರನ್ನು ಮತ್ತೆ ಬಿಗಿದಳು. ಒಂದೊಂದು ಏಟಿಗೂ ಮೊದಲು ಮರದ ಮೈ ಸವರಿದಳು. ಕೊಂಬೆ ಕಳಚಿತು. ಅದನ್ನು ಸೀಳಿ, ಕೆತ್ತಿ, ತೂತು ಕೊರೆದು, ಮಣೆಗೆ ಕಾಲು ಕೂರಿಸಿದಳು. ಹಿಂದೆ ಕೋಲುಗಳನ್ನು ಸಾಲಾಗಿ ನಿಲ್ಲಿಸಿದಳು.

ಮಾದವ್ವ ಹೆದರಿ ಹೆದರಿ ಕೂತಳು. ಆಮೇಲೆ ತೊಡೆಯ ಮೇಲೆ ಕೈ ಊರಿದಳು. ಎದ್ದು ನಿಂತೇಬಿಟ್ಟಳು! ತನ್ನ ಕಾಲನ್ನು ತಾನೇ ನಂಬದೆ ಮತ್ತೆ ಕೂತಳು, ಮತ್ತೆ ಎದ್ದಳು.

ಹೊನ್ನೆಯ ಒಡಲಿಗೆ ಸೇರಿದ ಆ ಕೆಂಪು ಮಾತ್ರ ಹೋಗಲೇ ಇಲ್ಲ. ಅದಕ್ಕೇ ಇವತ್ತಿಗೂ ಹೊನ್ನೆ ಮರಕ್ಕೆ ಕತ್ತಿ ತಾಗಿದರೆ ತೊಗಟೆಯಿಂದ ಕೆಂಪು ಹನಿ ಇಳಿಯುತ್ತದೆ. ಅದನ್ನು ಕಂಡ ಮಗು ಬೆಚ್ಚಿಬಿದ್ದು, ಮೊದಲು ತನ್ನ ಕೈಯನ್ನೇ ನೋಡಿಕೊಳ್ಳುತ್ತದೆ.